ಇಪ್ಪತ್ತಕ್ಕೆ ನಾಲ್ಕು

ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ. ಹೆಚ್ಚಿಸುವುದಿಲ್ಲ, ಕಡಿಮೆ ಮಾಡುವುದಿಲ್ಲ. ಸಂಖ್ಯೆಗಳನ್ನು ಮಾತ್ರ ಎರಡೆರಡು ಸಲ ನೋಡಿ ಬರೆಯುತ್ತಿದ್ದೇನೆ. ಆ ಎಚ್ಚರ ನನಗೆ ಇತ್ತೀಚೆಗೆ ಬಂದದ್ದು. ಯಾಕೆ ಬಂತು ಎಂಬುದೇ ಈ ಬರಹ.

ನಾನು ಸುಳ್ಯದ ಒಂದು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಭೌತಶಾಸ್ತ್ರ ಕಲಿಸುತ್ತಿದ್ದೇನೆ. ಹೆಸರು ಪುರುಷೋತ್ತಮ. ಕ್ಯಾಲ್ಕುಲೇಟರ್ ಮುಟ್ಟದೆ ಬೋರ್ಡಿನ ಮೇಲೆ ಬಾಯಿಲೆಕ್ಕದಲ್ಲಿ ಉತ್ತರ ತರುವವನೆಂದು ಖ್ಯಾತಿ. ಗುತ್ತಿಗಾರಿನಿಂದ ಬರುವ ಹಳೆಯ ವಿದ್ಯಾರ್ಥಿಗಳು ಈಗಲೂ ಬಸ್ಸಿನಲ್ಲಿ ಸಿಕ್ಕಿದರೆ, “ಸರ್, ನಿಮ್ಮ ಬಾಯಿಲೆಕ್ಕ ಮರೆಯುದುಂಟಾ!” ಎನ್ನುತ್ತಾರೆ. ನಾನು ವಿನಯದಿಂದ ಕಿಟಕಿಯ ಹೊರಗೆ ನೋಡುತ್ತೇನೆ.

ಈ ವರ್ಷ ಪ್ರಿನ್ಸಿಪಾಲ್ ಮೇಡಂ ಸಭೆ ಕರೆದು, “ಇನ್ನು ಹೋಂವರ್ಕ್ ಎಲ್ಲ ಆನ್‌ಲೈನ್. ಮೊದಲು ಯಾರು ಶುರು ಮಾಡ್ತೀರಿ?” ಎಂದು ಕೇಳಿದರು. ಎಲ್ಲರೂ ತಮ್ಮ ತಮ್ಮ ಚಹಾ ಲೋಟ ನೋಡಿದರು. ನನ್ನ ಲೋಟ ಖಾಲಿಯಾಗಿತ್ತು. ನಾನು ಕೈ ಎತ್ತಿದೆ.

ವ್ಯವಸ್ಥೆ ಸರಳವಾಗಿತ್ತು. ವಾರಕ್ಕೆ ಇಪ್ಪತ್ತು ಪ್ರಶ್ನೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಸಂಖ್ಯೆ, ಆದ್ದರಿಂದ ಪಕ್ಕದವರದ್ದು ನೋಡಿ ಪ್ರಯೋಜನವಿಲ್ಲ. ಒಂದು ಪ್ರಶ್ನೆಗೆ ಐದು ಅವಕಾಶ. ಉತ್ತರ ನೂರಕ್ಕೆ ಒಂದರಷ್ಟು ಆಚೀಚೆ ಆದರೆ ಹಸಿರು ಬಣ್ಣ, ಅದಕ್ಕಿಂತ ಹೆಚ್ಚು ತಪ್ಪಿದರೆ ಕೆಂಪು. ಇದರ ಮಾರ್ಕು ಇಂಟರ್ನಲ್‌ಗೆ ಸೇರುತ್ತದೆ. ಎಂಟಕ್ಕಿಂತ ಕಡಿಮೆ ಬಂದವರ ಪೋಷಕರಿಗೆ ತಾನಾಗಿಯೇ ಮೆಸೇಜು ಹೋಗುತ್ತದೆ. ಮೆಸೇಜಿನ ಒಕ್ಕಣೆ ಬರೆದವನು ನಾನೇ. ತುಂಬ ಯೋಚಿಸಿ ಬರೆದೆ:

“ಪೋಷಕರೇ, ನಿಮ್ಮ ಮನೆಯ ವಿದ್ಯಾರ್ಥಿ (ಹೆಸರು) ಭೌತಶಾಸ್ತ್ರದಲ್ಲಿ ತೀರಾ ಹಿಂದೆ ಉಳಿದಿದ್ದಾರೆ. ಕಾರಣ ಉದಾಸೀನ ಮತ್ತು ಮೊಬೈಲು. ಇನ್ನಾದರೂ ಮನೆಯಲ್ಲಿ ಶಿಸ್ತು ಕಲಿಸಿ. ಬರುವ ಶನಿವಾರ ಹನ್ನೊಂದು ಗಂಟೆಗೆ ತಪ್ಪದೆ ಕಾಲೇಜಿಗೆ ಬನ್ನಿ.”

ಮೊದಲ ವಾರದ ಗಡುವು ಶನಿವಾರ ಬೆಳಿಗ್ಗೆ ಮುಗಿಯಿತು. ತರಗತಿಯಲ್ಲಿರುವುದು ನಲವತ್ತೆರಡು ಮಂದಿ. ಮೆಸೇಜು ಹೋದದ್ದು ಮೂವತ್ತಾರು ಮನೆಗೆ!

ಅದೇ ದಿನ ತರಗತಿಯಲ್ಲಿ ಮಿಸ್ರಿಯಾ ಎದ್ದು ನಿಂತಳು. ಕಡಬದಿಂದ ಬರುವ ಹುಡುಗಿ. ನಾನು ಬೋರ್ಡಿನಲ್ಲಿ ಬರೆಯುವ ಮೊದಲೇ ಮುಂದಿನ ಸಾಲನ್ನು ಹೇಳುವವಳು. ಅವಳಿಗೆ ಬಂದದ್ದು ಏಳು.

“ಸರ್, ನೀವು ಹೇಳಿಕೊಟ್ಟ ಹಾಗೆಯೇ ಮಾಡಿದ್ದು. ಕೆಂಪು ಬರ್ತದೆ.”

“ಯಂತ್ರ ತಪ್ಪು ಮಾಡುವುದಿಲ್ಲ ಮಿಸ್ರಿಯಾ. ತಪ್ಪು ಮಾಡುವುದು ನಾವು” ಎಂದೆ. ‘ನಾವು’ ಎಂದದ್ದು ಸೌಜನ್ಯಕ್ಕೆ.

“ಉಮ್ಮನಿಗೆ ಮೆಸೇಜು ಹೋಗಿದೆ ಸರ್. ಬರುವ ಶನಿವಾರ ಬಂದು ನನ್ನನ್ನು ಫಿಸಿಕ್ಸಿನಿಂದ ತೆಗೆದು ಬಿಕಾಂಗೆ ಹಾಕ್ತೇನೆ ಅಂತ ಹೇಳ್ತಿದ್ದಾರೆ. ಮೇಷ್ಟ್ರೇ ಬರೆದಿದ್ದಾರಲ್ಲ, ನಿನ್ನ ತಲೆಗೆ ಅದು ಹತ್ತುದಿಲ್ಲ ಅಂತ.”

“ನಿನ್ನ ತಾಯಿಗೆ ನಾನು ಹಾಗೆ ಬರೆದಿಲ್ಲ.”

“ಉಮ್ಮನಿಗೆ ಹಾಗೆಯೇ ಅರ್ಥ ಆದದ್ದು ಸರ್.” ಮತ್ತೆ ಹೇಳಿದಳು, “ಬೇಜಾರು ಮಾಡಬೇಡಿ. ನೀವೇ ಒಮ್ಮೆ ಮಾಡಿ ನೋಡಿ.”

ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ. ನಂತರ ಗಂಭೀರವಾಗಿ ಘೋಷಿಸಿದೆ: “ನಾಳೆ ನಾನೇ ವಿದ್ಯಾರ್ಥಿಯಾಗಿ ಸೇರುತ್ತೇನೆ. ಇಪ್ಪತ್ತಕ್ಕೆ ಇಪ್ಪತ್ತು ತೆಗೆಯುತ್ತೇನೆ. ತೆಗೆಯದಿದ್ದರೆ ಈ ವಾರದ ಮಾರ್ಕು ಯಾರಿಗೂ ಲೆಕ್ಕಕ್ಕಿಲ್ಲ, ಎಲ್ಲರಿಗೂ ಇನ್ನೊಂದು ಅವಕಾಶ!”

ಚಪ್ಪಾಳೆ ಬಿತ್ತು. ಯಾವುದಕ್ಕೆ ಬಿತ್ತು ಎಂದು ಆಗ ಯೋಚಿಸಲಿಲ್ಲ.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟೆ. ಮೇಜಿನ ಇನ್ನೊಂದು ತುದಿಯಲ್ಲಿ ನನ್ನ ಹೆಂಡತಿ ಶಶಿಕಲಾ ಒಂದು ಮದುವೆಯ ಬ್ಲೌಸಿಗೆ ಬಟ್ಟೆ ಕತ್ತರಿಸುತ್ತಿದ್ದಳು. ಅವಳು ಬಸ್ ನಿಲ್ದಾಣದ ಹತ್ತಿರ ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ. ಕೆಲಸ ಹೆಚ್ಚಿದ್ದರೆ ಭಾನುವಾರ ಮನೆಗೆ ತರುತ್ತಾಳೆ.

ಹೆಸರು ನೋಂದಾಯಿಸಲು ಹೊರಟೆ. ವಿದ್ಯಾರ್ಥಿಯ ಹೆಸರು: ಪುರುಷೋತ್ತಮ. ಪೋಷಕರ ಮೊಬೈಲ್ ಸಂಖ್ಯೆ? ಅದನ್ನು ತುಂಬದೆ ಮುಂದೆ ಬಿಡುವುದಿಲ್ಲ. ನನ್ನದೇ ಸಂಖ್ಯೆ ಹಾಕಿದೆ. ‘ವಿದ್ಯಾರ್ಥಿಯ ಸಂಖ್ಯೆಯೂ ಪೋಷಕರ ಸಂಖ್ಯೆಯೂ ಒಂದೇ ಆಗಿರಬಾರದು’ ಎಂದಿತು. ಈ ನಿಯಮ ಹಾಕಿಸಿದವನೂ ನಾನೇ! ಕೊನೆಗೆ ಶಶಿಕಲಾಳ ಸಂಖ್ಯೆ ಹಾಕಿದೆ. ಸಂಬಂಧ ಎಂಬಲ್ಲಿ ತಂದೆ, ತಾಯಿ, ಪಾಲಕರು ಎಂದು ಮೂರೇ ಇದ್ದವು. ‘ಪಾಲಕರು’ ಎಂದು ಒತ್ತಿದೆ. ಯೋಚಿಸಿ ನೋಡಿದರೆ ಅದು ಸುಳ್ಳೂ ಅಲ್ಲ.

ಮೊದಲ ಪ್ರಶ್ನೆ: ಕಟ್ಟಡದ ಮೇಲಿನಿಂದ ಬಿಟ್ಟ ಕಲ್ಲು 3.7 ಸೆಕೆಂಡಿನಲ್ಲಿ ನೆಲ ಮುಟ್ಟಿತು. ಎತ್ತರ ಎಷ್ಟು?

ನನಗೆ ನಗು ಬಂತು. ದತ್ತಾಂಶ, ಸೂತ್ರ, ಅದರಲ್ಲಿ ಹಾಕಿದ ಬೆಲೆಗಳು, ಎಲ್ಲವನ್ನೂ ಆರು ಸಾಲಿನಲ್ಲಿ ನೀಟಾಗಿ ಟೈಪ್ ಮಾಡಿದೆ. ಕೆಂಪು! ‘ಸಂಖ್ಯೆಯನ್ನು ಮಾತ್ರ ಬರೆಯಿರಿ’ ಎಂದಿತು. ಒಂದು ಅವಕಾಶ ಹೋಯಿತು.

ಇಲ್ಲಿ ಒಂದು ವಿಷಯ ಹೇಳಬೇಕು. ನಾವು ಉತ್ತರಪತ್ರಿಕೆ ತಿದ್ದುವಾಗ ಹಂತಕ್ಕೆ ಮಾರ್ಕು. ಸೂತ್ರಕ್ಕೆ ಒಂದು, ಬೆಲೆ ಹಾಕಿದ್ದಕ್ಕೆ ಒಂದು. ಕೊನೆಯ ಉತ್ತರಕ್ಕೆ ಸಿಗುವುದು ಅರ್ಧ. ಆ ಅರ್ಧವನ್ನೂ ನಾನು ಮುಖ ನೋಡಿ ಕೊಟ್ಟುಬಿಡುತ್ತಿದ್ದೆ. ಹಾಗಾಗಿ ಇಪ್ಪತ್ತೆರಡು ವರ್ಷ ನನ್ನ ಬಾಯಿಲೆಕ್ಕದ ಕೊನೆಯ ಉತ್ತರವನ್ನು ಯಾರೂ ತಿರುಗಿ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

ಲೆಕ್ಕಕ್ಕೆ ಇಳಿದೆ. 3.7ರ ವರ್ಗ ಹದಿಮೂರೂಮುಕ್ಕಾಲಿನ ಹತ್ತಿರ; ಹದಿನಾಲ್ಕು ಎಂದು ಹಿಡಿದೆ. ಗುರುತ್ವದ ಬೆಲೆ 9.8, ಹತ್ತು ಎಂದು ಹಿಡಿದೆ. ಅದರ ಅರ್ಧ ಐದು. ಹದಿನಾಲ್ಕೈದಲೆ ಎಪ್ಪತ್ತು.

ಕೆಂಪು.

ಮತ್ತೊಮ್ಮೆ ಎಪ್ಪತ್ತು ಬರೆದೆ, ಈ ಸಲ ಸ್ವಲ್ಪ ಜೋರಾಗಿ ಒತ್ತಿ. ಕೆಂಪು. 70.0 ಎಂದು ಬರೆದೆ. ಕೆಂಪು. ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡಿ ಎಪ್ಪತ್ತು ಬರೆದೆ. ಆ ಕಲ್ಲಿನ ಕತೆ ಅಲ್ಲಿಗೆ ಮುಗಿಯಿತು.

ಉಳಿದ ಪ್ರಶ್ನೆಗಳನ್ನು ಒಂದೊಂದಾಗಿ ವರ್ಣಿಸುವ ಶಕ್ತಿ ನನಗಿಲ್ಲ. ಊಟದ ಹೊತ್ತಿಗೆ ಪರದೆಯ ಮೇಲೆ ಬಂತು: ಇಪ್ಪತ್ತಕ್ಕೆ ನಾಲ್ಕು. ಆ ನಾಲ್ಕೂ ಸರಿಯೋ ತಪ್ಪೋ ಗುರುತಿಸುವ ಪ್ರಶ್ನೆಗಳು. ಅವುಗಳಲ್ಲಿ ಲೆಕ್ಕವೇ ಇರಲಿಲ್ಲ.

ಮೇಜಿನ ಆಚೆ ತುದಿಯಲ್ಲಿ ಶಶಿಕಲಾಳ ಮೊಬೈಲು ‘ಟಿಂಗ್’ ಎಂದಿತು.

ಅವಳು ಕತ್ತರಿ ಕೆಳಗಿಟ್ಟು ಓದಿದಳು. ಗಟ್ಟಿಯಾಗಿಯೇ ಓದಿದಳು. “ಪೋಷಕರೇ, ನಿಮ್ಮ ಮನೆಯ ವಿದ್ಯಾರ್ಥಿ ಪುರುಷೋತ್ತಮ ಭೌತಶಾಸ್ತ್ರದಲ್ಲಿ ತೀರಾ ಹಿಂದೆ ಉಳಿದಿದ್ದಾರೆ. ಕಾರಣ ಉದಾಸೀನ ಮತ್ತು ಮೊಬೈಲು…” ತಲೆಯೆತ್ತಿ ನನ್ನನ್ನು ನೋಡಿದಳು. “ಮೊಬೈಲು ನೋಡುದು ಹೌದು. ಉದಾಸೀನವೂ ಹೌದು. ಯಾರು ಬರೆದದ್ದು ಇದು? ನಿಮ್ಮನ್ನು ಚೆನ್ನಾಗಿ ಗೊತ್ತಿರುವವರೇ!”

“ಅದು ತಾನಾಗಿ ಬರುವುದು ಶಶೀ. ಅಳಿಸಿಬಿಡು.”

“ಅಳಿಸುದೆಂತಕ್ಕೆ? ಶನಿವಾರ ಹನ್ನೊಂದಕ್ಕೆ ತಪ್ಪದೆ ಬನ್ನಿ ಅಂತ ಉಂಟು. ನಾನು ಬರ್ತೇನೆ.”

“ಮಾರಾಯ್ತಿ, ಮರ್ಯಾದೆ ಪ್ರಶ್ನೆ!”

“ಮನೆಯಲ್ಲಿ ಶಿಸ್ತು ಕಲಿಸಿ ಅಂತಲೂ ಉಂಟು. ಮೊದಲು ಊಟಕ್ಕೆ ಬಟ್ಟಲು ಇಡಿ. ಆಮೇಲೆ ಹೇಳಿ, ಎಂತ ಮಾಡಿದ್ದು ನೀವು?”

ನಾನು ಕಲ್ಲಿನ ಲೆಕ್ಕ ವಿವರಿಸಿದೆ. ಅವಳು ಟೇಪು ಕೊರಳಿಗೆ ಹಾಕಿಕೊಂಡು ಕೇಳಿದಳು.

“ಅಲ್ಲ ಮಾರಾಯ್ರೆ, ಅಳತೆ ತೆಗೆಯುವಾಗಲೇ ಭುಜಕ್ಕೆ ಅರ್ಧ ಇಂಚು ಸೇರಿಸಿ, ತೋಳಿಗೆ ಅರ್ಧ ಇಂಚು ಸೇರಿಸಿ, ಸೊಂಟಕ್ಕೂ ‘ಇರ್ಲಿ’ ಅಂತ ಸ್ವಲ್ಪ ಸೇರಿಸಿದ್ರೆ ಕೊನೆಗೆ ಬ್ಲೌಸ್ ಆಗುದಿಲ್ಲ, ಅಕ್ಕಿ ಚೀಲ ಆಗ್ತದೆ. ಹೊಂದಿಸುದಿದ್ರೆ ಕೊನೆಗೆ ಒಮ್ಮೆ. ನಡುವೆ ನಡುವೆ ಅಲ್ಲ.”

ನಾನು ಮೆಲ್ಲನೆ ಮೊಬೈಲಿನಲ್ಲಿ ಕ್ಯಾಲ್ಕುಲೇಟರ್ ತೆರೆದೆ. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ. ಎತ್ತರ ಅರವತ್ತೇಳು ಮೀಟರ್. ನಾನು ಎಪ್ಪತ್ತು ಹೇಳಿದ್ದೆ. ಮೂರು ಮೀಟರ್ ಎಂದರೆ ಒಂದು ಮಹಡಿ. ಆ ಕಟ್ಟಡಕ್ಕೆ ಪರವಾನಗಿಯಿಲ್ಲದೆ ಒಂದು ಇಡೀ ಮಹಡಿ ಏರಿಸಿಬಿಟ್ಟಿದ್ದೆ!

ಆಗ ಮಿಸ್ರಿಯಾಳ ಮಾತು ನೆನಪಾಯಿತು: ‘ನೀವು ಹೇಳಿಕೊಟ್ಟ ಹಾಗೆಯೇ ಮಾಡಿದ್ದು.’ ಹೌದು. ಹತ್ತು ಎಂದು ಹಿಡಿಯಿರಿ, ಚಿಲ್ಲರೆ ಬಿಡಿ ಎಂದು ಬೋರ್ಡಿನ ಮುಂದೆ ನಿಂತು ಹೇಳುತ್ತಾ ಬಂದವನು ನಾನು. ಮೂವತ್ತಾರು ಮನೆಗೆ ಹೋದದ್ದು ನನ್ನ ತಪ್ಪಿನ ಮೂವತ್ತಾರು ಪ್ರತಿಗಳು. ಊಟ ರುಚಿಸಲಿಲ್ಲ.

ಶನಿವಾರ ಬಂತು. ಕೋಣೆ ತುಂಬ ಪೋಷಕರು. ಎದುರಿನ ಮೇಜಿನಲ್ಲಿ ಪ್ರಿನ್ಸಿಪಾಲ್ ಮೇಡಂ, ಪಕ್ಕದಲ್ಲಿ ನಾನು. ಎಲ್ಲವನ್ನೂ ನಾನೇ ಎದ್ದು ಹೇಳಬೇಕೆಂದು ನಿರ್ಧರಿಸಿ ಬಂದಿದ್ದೆ. ಆದರೆ ಮೇಡಂ ಅಷ್ಟರಲ್ಲಿ ಪಟ್ಟಿ ಕೈಗೆತ್ತಿಕೊಂಡರು. ಪಟ್ಟಿ ಅತಿ ಕಡಿಮೆ ಮಾರ್ಕಿನಿಂದ ಶುರುವಾಗುತ್ತದೆ.

“ಮೊದಲನೆಯದು, ಪುರುಷೋತ್ತಮ. ಇಪ್ಪತ್ತಕ್ಕೆ ನಾಲ್ಕು. ಅಯ್ಯೋ ದೇವರೇ! ಪೋಷಕರು ಬಂದಿದ್ದಾರಾ?”

ಮೂರನೇ ಸಾಲಿನಲ್ಲಿ ಶಶಿಕಲಾ ಎದ್ದು ನಿಂತಳು. ಒಳ್ಳೆಯ ಸೀರೆ ಉಟ್ಟಿದ್ದಳು. “ಬಂದಿದ್ದೇನೆ ಮೇಡಂ.”

“ನಿಮ್ಮ ಹುಡುಗ ಎಲ್ಲಿ?”

“ನಿಮ್ಮ ಪಕ್ಕದಲ್ಲೇ ಕೂತಿದ್ದಾರೆ.”

ಕೋಣೆಯಲ್ಲಿ ಎದ್ದ ನಗುವನ್ನು ನಾನು ಅಳೆಯಲು ಹೋಗುವುದಿಲ್ಲ. ಅಳತೆಯ ವಿಷಯದಲ್ಲಿ ನನ್ನ ಮಾತಿಗೆ ಈಗ ಬೆಲೆಯಿಲ್ಲ.

ನಾನು ಎದ್ದು ನಿಂತೆ. “ತಪ್ಪು ಮಕ್ಕಳದ್ದಲ್ಲ, ಕಲಿಸಿದ ನನ್ನದು. ಅವರು ನಾನು ಹೇಳಿದಂತೆಯೇ ಮಾಡಿದ್ದಾರೆ. ಆ ಮಾರ್ಕು ರದ್ದು. ನಾನು ಕಳಿಸಿದ ಮೆಸೇಜಿಗೆ ಕ್ಷಮೆ ಕೇಳುತ್ತೇನೆ” ಎಂದೆ.

ಶಶಿಕಲಾಳ ಪಕ್ಕದಲ್ಲಿ ಕೂತಿದ್ದ ಹೆಂಗಸು ಅವಳ ಕಡೆ ಬಾಗಿ, ಪಿಸುಗುಟ್ಟುತ್ತಿದ್ದೇನೆ ಎಂದುಕೊಂಡು ಎಲ್ಲರಿಗೂ ಕೇಳುವಂತೆ ಕೇಳಿದರು, “ಅಕ್ಕಾ, ನಿಮ್ಮವರಿಗೆ ನಾಲ್ಕೇ ಬಂದದ್ದಾ?”

“ನಾಲ್ಕೇ. ನಿಮ್ಮ ಮಗಳಿಗೆ?”

“ಏಳು.” ಅವರು ಮಿಸ್ರಿಯಾಳ ಉಮ್ಮ. ಕೈಯಲ್ಲಿದ್ದ ಕೋರ್ಸು ಬದಲಾವಣೆಯ ಅರ್ಜಿಯನ್ನು ಎರಡು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡರು. “ಮೇಷ್ಟ್ರಿಗೇ ನಾಲ್ಕು, ಇವಳಿಗೆ ಏಳು. ಇವಳು ಫಿಸಿಕ್ಸಿನಲ್ಲೇ ಇರ್ಲಿ ಮೇಡಂ. ಮೇಷ್ಟ್ರಿಗೂ ಒಬ್ಬರು ಹೇಳಿಕೊಡುವವರು ಬೇಕಲ್ಲ!”

ಬಾಗಿಲ ಹತ್ತಿರ ನಿಂತಿದ್ದ ಮಿಸ್ರಿಯಾ ಶಾಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ನಕ್ಕಳೋ ಅತ್ತಳೋ, ದೂರದಿಂದ ಖಚಿತವಾಗಿ ಕಾಣಲಿಲ್ಲ.

ನನ್ನ ಪಾಡು ಅಲ್ಲಿಗೂ ಮುಗಿಯಲಿಲ್ಲ. ಮೇಡಂ ನಿಯಮದಲ್ಲಿ ಕಟ್ಟುನಿಟ್ಟು. ಪಟ್ಟಿಯಲ್ಲಿ ಹೆಸರಿದ್ದ ಮೇಲೆ ವರದಿ ತುಂಬಲೇಬೇಕು. ಅಧ್ಯಾಪಕರ ಅಭಿಪ್ರಾಯ ಎಂಬಲ್ಲಿ ನನ್ನ ಬಗ್ಗೆ ನಾನೇ ಬರೆದೆ: ‘ಗಮನ ಸಾಲದು.’ ಮನೆಯಲ್ಲಿ ಕೈಗೊಂಡ ಕ್ರಮ ಎಂಬಲ್ಲಿ ಶಶಿಕಲಾ ಬರೆದಳು: ‘ಒಂದು ಟೇಪು ಕೊಟ್ಟಿದ್ದೇನೆ.’ ಸಹಿಯನ್ನೂ ಹಾಕಿದಳು.

ಒಮ್ಮೆ ಸೇರಿದ ವಿದ್ಯಾರ್ಥಿಯ ಹೆಸರನ್ನು ವರ್ಷ ಮುಗಿಯುವವರೆಗೆ ತೆಗೆಯಲಾಗುವುದಿಲ್ಲವಂತೆ. ಹಾಗಾಗಿ ನಾನೂ ಪ್ರತಿ ಭಾನುವಾರ ಹೋಂವರ್ಕ್ ಮಾಡುತ್ತಿದ್ದೇನೆ. ಎರಡನೇ ವಾರ ಮಿಸ್ರಿಯಾಳಿಗೆ ಹತ್ತೊಂಬತ್ತು ಬಂತು. ನನಗೆ ಹದಿನೇಳು. ಸಂತೋಷ ತಡೆಯಲಾರದೆ ಲ್ಯಾಪ್‌ಟಾಪನ್ನು ಎತ್ತಿಕೊಂಡು ಅಡುಗೆಮನೆಗೆ ಓಡಿದೆ.

ಪಾಲಕರು ಒಗ್ಗರಣೆಯಿಂದ ತಲೆಯೆತ್ತದೆ ಕೇಳಿದರು:

“ಉಳಿದ ಮೂರು ಎಲ್ಲಿ ಹೋಯಿತು?”