ಬುಧವಾರಕ್ಕೊಬ್ಬ ಭಾಷಣಕಾರ

ಎಲ್ಲರಿಗೂ ವಾರಕ್ಕೆ ಏಳು ದಿನ. ಕನ್ನಡಕದ ಅಂಗಡಿಯ ಯಜಮಾನರಿಗೆ ಮಾತ್ರ ವಾರಕ್ಕೆ ಒಂದೇ ದಿನ, ಬುಧವಾರ. ಮಿಕ್ಕ ಆರು ದಿನ ಆ ಬುಧವಾರದ ಚಿಂತೆ. (ಇವರ ಹೆಸರು ಹೆಂಡತಿಗೂ ಬ್ಯಾಂಕಿಗೂ ಬಿಟ್ಟರೆ ಬೇರೆಯವರಿಗೆ ನೆನಪಿಲ್ಲ. ಊರಿಗೆಲ್ಲ ಅವರು 'ಕನ್ನಡಕದವರು'. ನಾವೂ ಹಾಗೇ ಅನ್ನೋಣ.)

ಈ ಪಾಡಿಗೆ ಕಾರಣ ಅವರು ಸೇರಿಕೊಂಡಿದ್ದ ಸೇವಾ ಕ್ಲಬ್ಬು. ಕ್ಲಬ್ಬಿನವರು ಪ್ರತಿ ಬುಧವಾರ ಮಧ್ಯಾಹ್ನ ಹೋಟೆಲಿನ ಮೊದಲ ಮಹಡಿಯ ಹಾಲಿನಲ್ಲಿ ಸೇರಿ, ಸಮಾಜದ ಬಗ್ಗೆ ಚಿಂತಿಸುತ್ತಾ ಹೊಟ್ಟೆ ತುಂಬ ಊಟ ಮಾಡುತ್ತಾರೆ. ಊಟವಾದ ಮೇಲೆ ಒಬ್ಬ ಅತಿಥಿಯ ಭಾಷಣ. ಆಮೇಲೆ ಅವರಿಗೊಂದು ಗೋಡೆ ಗಡಿಯಾರ ಕೊಟ್ಟು ಅಧ್ಯಕ್ಷರು ಹಿತ್ತಾಳೆ ಗಂಟೆ ಹೊಡೆದರೆ ಆ ವಾರದ ಸಮಾಜಸೇವೆ ಮುಗಿಯಿತು. ಆ ಅತಿಥಿಯನ್ನು ಹುಡುಕಿ, ಒಪ್ಪಿಸಿ, ಕರೆತಂದು, ಹೊಗಳಿ, ಮನೆ ಮುಟ್ಟಿಸುವ ಕೆಲಸ 'ಕಾರ್ಯಕ್ರಮ ಸಂಚಾಲಕ'ರದು. ಮೂರು ವರ್ಷದ ಹಿಂದೆ ಈ ಘನ ಹುದ್ದೆಗೆ ಅಧ್ಯಕ್ಷರು ಕನ್ನಡಕದವರ ಹೆಸರೆತ್ತಿದಾಗ ಅವರ ಬಾಯಿ ತುಂಬ ಐಸ್‌ಕ್ರೀಮ್ ಇತ್ತು. ನುಂಗಿ 'ಬೇಡ' ಅನ್ನುವಷ್ಟರಲ್ಲಿ ಗಂಟೆ ಹೊಡೆದಾಗಿತ್ತು.

ಮರುವರ್ಷ ಅವರು ಐಸ್‌ಕ್ರೀಮ್ ಮುಟ್ಟಲಿಲ್ಲ. ಎದ್ದು ನಿಂತು, "ನನ್ನ ಕೈಲಾಗಲ್ಲ, ಬೇರೆಯವರಿಗೆ ಕೊಡಿ" ಅಂದರು. ಸಭೆ ಅದನ್ನು ವಿನಯ ಎಂದುಕೊಂಡು ಚಪ್ಪಾಳೆ ತಟ್ಟಿತು. ಅದರ ಮರುವರ್ಷ ಕಣ್ಣಲ್ಲಿ ನೀರು ತಂದುಕೊಂಡು ಬೇಡಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಅಷ್ಟರಲ್ಲಿ ಊರಲ್ಲಿ ಬಾಯಿ ಇದ್ದವರೆಲ್ಲ ಮುಗಿದಿದ್ದರು. ಅಗ್ನಿಶಾಮಕ ದಳದ ಅಧಿಕಾರಿ ಹಾಲಿನೊಳಗೇ ಸೈರನ್ ಹಾಕಿ ತೋರಿಸಿದ್ದರು. ಕರಾಟೆ ಮಾಸ್ತರು ಹಂಚು ಒಡೆಯಲು ಹೋಗಿ ಹೋಟೆಲಿನ ಮೇಜು ಒಡೆದಿದ್ದರು. ಹಾವು ಹಿಡಿಯುವವರೊಬ್ಬರು ಬರಿಗೈಯಲ್ಲಿ ಬರಬೇಕು ಎಂಬ ಷರತ್ತಿನ ಮೇಲೆ ಒಪ್ಪಿ, ಚೀಲ ಹಿಡಿದುಕೊಂಡು ಬಂದಿದ್ದರು. ಹೊರಗಿನವರು ಮುಗಿದ ಮೇಲೆ ಕನ್ನಡಕದವರು ನೆಂಟರಿಗೆ ಕೈ ಹಾಕಿದರು. ಹೆಂಡತಿಯ ತಂಗಿ ಕಸೂತಿ ಬಗ್ಗೆ ಮಾತಾಡಲು ರೇಷ್ಮೆ ಸೀರೆ ಉಟ್ಟು ಬಂದರೆ, ಕ್ಲಬ್ಬಿನ ಸದಸ್ಯರಾದ ಹಲ್ಲಿನ ಡಾಕ್ಟರು ಮುಂದಿನ ಸಾಲಿನಲ್ಲಿ ಕೂತು ಫೋನಿನಲ್ಲಿ ಯಾರದೋ ದವಡೆಯ ವಿಚಾರ ವಿವರಿಸುತ್ತಿದ್ದರು. ಅಂದಿನಿಂದ ತಂಗಿ ಈ ಮನೆಯ ಹೊಸಿಲು ತುಳಿದಿಲ್ಲ.

"ನಿಮಗೆ ಮನುಷ್ಯರು ಮನುಷ್ಯರ ಹಾಗೆ ಕಾಣೋದೇ ನಿಂತುಹೋಗಿದೆ ಕಣ್ರೀ," ಅಂದರು ಹೆಂಡತಿ ಒಂದು ದಿನ. "ನಿನ್ನೆ ಫ್ರಿಜ್ ರಿಪೇರಿಯವನು ಬಂದ್ರೆ, ಅವನನ್ನ ಕೂರಿಸಿಕೊಂಡು ಧ್ವನಿ ಹೇಗಿದೆ ಅಂತ ನೋಡ್ತಿದ್ರಿ. ಪಾಪ, ಸ್ಕ್ರೂಡ್ರೈವರ್ ಬಿಟ್ಟು ಓಡಿಹೋದ."

"ಒಳ್ಳೆ ಧ್ವನಿ ಇತ್ತು ಕಣೇ."

"ಈಗ ಫ್ರಿಜ್ಜಿಗೂ ಇದೆ. ಗೊರ್ ಅಂತಿದೆ, ಅದನ್ನೇ ಕರಕೊಂಡು ಹೋಗಿ." ಫ್ರಿಜ್ಜಿನ ಬಾಗಿಲನ್ನು ಗುದ್ದಿ ಮುಚ್ಚಿ ಹೇಳಿದರು: "ನೋಡಿ, ಮೂರು ವರ್ಷದಿಂದ ಸಮುದ್ರದ ದಂಡೆಯಲ್ಲಿ ಹತ್ತು ದಿನ ಇರೋಣ ಅಂತಿದೀನಿ. ಯಾವ ಹತ್ತು ದಿನ ತಗೊಂಡರೂ ನಡುವೆ ಒಂದು ಬುಧವಾರ ಬಂದು ಕೂತ್ಕೊಳ್ಳುತ್ತೆ. ಈ ಸಲ ಆ ಹುದ್ದೆ ಬಿಟ್ಟು ಬರ್ತೀರೋ ಇಲ್ಲವೋ?"

"ಬಿಟ್ಟು ಬರದಿದ್ದರೆ?"

"ಸಿಟ್ಟು ಮಾಡಿಕೊಂಡು ತಂಗಿ ಮನೆಗೆ ಹೋಗ್ತೀನಿ ಅನ್ನೋಣ ಅಂದ್ರೆ ಅವಳೂ ಮಾತು ಬಿಟ್ಟಿದಾಳೆ. ಆ ದಾರಿನೂ ಮುಚ್ಚಿಟ್ಟಿದೀರಿ ನೀವು."

ಹೀಗೆ ಹೇಳಿ ಅವರು ಅಟ್ಟದ ಮೇಲಿಂದ ಸೂಟ್‌ಕೇಸ್ ಇಳಿಸಿ, ಧೂಳು ಒರೆಸಿ, ಹಾಲಿನ ನಟ್ಟನಡುವೆ ಇಟ್ಟರು. ಕನ್ನಡಕದವರು ಓಡಾಡುವಾಗಲೆಲ್ಲ ಅದನ್ನು ಎಡವಬೇಕು, ಹಾಗೆ.

ಎಡವಿದಾಗಲೇ ಹೊಳೆಯಿತು. ತಾನಾಗಿ ಬಿಡುತ್ತೇನೆಂದರೆ ಇವರು ಬಿಡುವುದಿಲ್ಲ. ಅವರಾಗಿಯೇ ಕತ್ತು ಹಿಡಿದು ದಬ್ಬುವಂತೆ ಮಾಡಬೇಕು. ವರ್ಷಕ್ಕೊಮ್ಮೆ ಹುದ್ದೆಗಳನ್ನು ಹಂಚುವ ಬುಧವಾರ, ಇಡೀ ಜಗತ್ತಿನಲ್ಲೇ ಅತಿ ಬೇಸರದ ಭಾಷಣಕಾರನನ್ನು ತಂದು ನಿಲ್ಲಿಸಬೇಕು. ಸದಸ್ಯರು ಕುದಿಯಬೇಕು. ಕುದಿಯುವುದರಲ್ಲಿ ಕ್ಲಬ್ಬಿನ ವಕೀಲರು ಮೊದಲಿಗರು. ಅವರಿಗೆ ಸೂಪು ಬಿಸಿಯಾದರೂ ದೂರು, ಆರಿದರೂ ದೂರು. ಅವರು ಎದ್ದು "ಈ ಸಂಚಾಲಕರನ್ನು ತೆಗೆಯಿರಿ" ಅಂದರೆ ಸಾಕು, ಸಮುದ್ರ.

ಜಗತ್ತಿನ ಅತಿ ಬೇಸರದ ಮನುಷ್ಯನನ್ನು ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಅವರು ಹೆಂಡತಿಯ ಸೋದರಮಾವ. ನೀರು ಸರಬರಾಜು ಇಲಾಖೆಯ ಮೀಟರ್ ವಿಭಾಗದಿಂದ ನಿವೃತ್ತರು. ಕನ್ನಡಕದವರ ಮದುವೆಯ ಆಲ್ಬಮಿನಲ್ಲಿ ಮುಖ್ಯ ಗಳಿಗೆಯ ಫೋಟೋನೇ ಇಲ್ಲ. ಆ ಹೊತ್ತಿಗೆ ಫೋಟೋಗ್ರಾಫರನ್ನು ಮಾವ ಮೂಲೆಯಲ್ಲಿ ನಿಲ್ಲಿಸಿಕೊಂಡು ಮೀಟರಿನ ಮುಳ್ಳು ಹೇಗೆ ತಿರುಗುತ್ತದೆಂದು ವಿವರಿಸುತ್ತಿದ್ದರು. ಅವರನ್ನು ಮನೆಗೆ ಕರೆಯಬಾರದು ಅನ್ನುವುದು ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದ ಒಂದೇ ವಿಷಯ. ಊಟಕ್ಕೆಂದು ಬಂದರೆ ತಿಂಗಳು ಇರುವ ಪೈಕಿ ಅವರು. ಹಾಗಾಗಿ ಕನ್ನಡಕದವರು ಹೆಂಡತಿಗೆ ತಿಳಿಸದೆ ಅಂಗಡಿಯಿಂದಲೇ ಫೋನ್ ಮಾಡಿದರು.

"ಮೀಟರ್ ಬಗ್ಗೆ ಮಾತಾಡಬೇಕಾ, ಅಳಿಯಂದಿರೇ?" ಆ ಕಡೆ ಕುರ್ಚಿ ಎಳೆದು ಕೂತ ಸದ್ದಾಯಿತು. "ಮೂವತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ."

ಕನ್ನಡಕದವರಿಗೆ ಒಂದು ಕ್ಷಣ ಪಾಪ ಅನ್ನಿಸಿತು. ಆಮೇಲೆ ಸಮುದ್ರ ನೆನಪಾಯಿತು. "ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗಿಬಿಡಬಹುದು ಮಾವ," ಅಂದರು.

ಬುಧವಾರ ಮಾವ ಬಸ್ಸಿನಿಂದ ಇಳಿದರು. ಅವರ ಹಿಂದೆ ಎರಡು ಮರದ ಪೆಟ್ಟಿಗೆಗಳೂ ಇಳಿದವು. ಅವುಗಳ ತುಂಬ ಹಳೆಯ ಮೀಟರುಗಳು.

"ಇಷ್ಟೊಂದು ಯಾಕೆ ಮಾವ?"

"ಮುಟ್ಟಿ ನೋಡದೆ ತಿಳಿಯೋದಿಲ್ಲ, ಅಳಿಯಂದಿರೇ."

ಅಂದು ಹೋಟೆಲಿನವರು ಎಂದಿಗಿಂತ ಭರ್ಜರಿ ಊಟ ಹಾಕಿದ್ದರು. ಎಲ್ಲರೂ ಎರಡೆರಡು ಸಲ ಬಡಿಸಿಕೊಂಡು ಕುರ್ಚಿಗೆ ಒರಗಿದರು. ಕನ್ನಡಕದವರು ಅತಿಥಿಯನ್ನು ಪರಿಚಯಿಸುವಾಗ ಬೇಕೆಂದೇ ಮೂರು ಸಲ ತೊದಲಿದರು. ಮಾವ ಎದ್ದು ಗಂಟಲು ಸರಿಮಾಡಿಕೊಂಡು, "ಮೀಟರಿನಲ್ಲಿ ಮೂರು ವಿಧ" ಎಂದು ಶುರು ಮಾಡಿದರು.

ಆ ಧ್ವನಿಯನ್ನು ಹೇಗೆ ವರ್ಣಿಸುವುದು. ಅದರಲ್ಲಿ ಏರಿಲ್ಲ, ಇಳಿತವಿಲ್ಲ, ಪೂರ್ಣವಿರಾಮವಂತೂ ಇಲ್ಲವೇ ಇಲ್ಲ. ಸರಿಯಾಗಿ ಮುಚ್ಚದ ನಲ್ಲಿಯಿಂದ ಬಕೆಟ್ಟಿಗೆ ಸಣ್ಣಗೆ ನೀರು ಬೀಳುತ್ತಿದ್ದ ಹಾಗೆ. ಮೊದಲನೆಯ ವಿಧ ಮುಗಿಯುವುದರೊಳಗೆ ಹಲ್ಲಿನ ಡಾಕ್ಟರ ತಲೆ ಪಕ್ಕದ ಟೈಲ್ಸ್ ಅಂಗಡಿಯವರ ಭುಜಕ್ಕೆ ಬಿತ್ತು. ಟೈಲ್ಸ್ ಅಂಗಡಿಯವರ ತಲೆ ಡಾಕ್ಟರ ತಲೆಯ ಮೇಲೆ ಬಿತ್ತು. ಎರಡನೆಯ ವಿಧಕ್ಕೆ ಹಿಂದಿನ ಸಾಲು ಪೂರ್ತಿ ಮಲಗಿತು. ತಟ್ಟೆ ತೆಗೆಯಲು ಬಂದಿದ್ದ ಮಾಣಿ ಗೋಡೆಗೆ ಒರಗಿ ನಿಂತಲ್ಲೇ ಕಣ್ಣು ಮುಚ್ಚಿದ. ಅಧ್ಯಕ್ಷರು ಗಂಟೆಯ ಸುತ್ತಿಗೆಯನ್ನು ಎದೆಗೆ ಅಪ್ಪಿಕೊಂಡು ಮಗುವಿನ ಹಾಗೆ ನಿದ್ರಿಸಿದರು. ಕೊನೆಗೆ ವಕೀಲರು ಬಾಯಿ ತೆರೆದರು. ಆಕ್ಷೇಪಣೆಗೆಂದು ಕನ್ನಡಕದವರು ಕಿವಿ ನೆಟ್ಟಗೆ ಮಾಡಿಕೊಂಡರೆ, ಬಂದದ್ದು ಗೊರಕೆ.

ಇಡೀ ಹಾಲಿನಲ್ಲಿ ಎಚ್ಚರವಾಗಿದ್ದವರು ಇಬ್ಬರೇ. ಒಬ್ಬರು ಮಾತಾಡುತ್ತಿದ್ದರು. ಇನ್ನೊಬ್ಬರು ಕೇಳಲೇಬೇಕಾಗಿತ್ತು. ಮುಳ್ಳು, ಚಕ್ರ, ವಾಷರ್, ವಾಷರಿನ ಒಳಗಿನ ವಾಷರ್, ಎಲ್ಲವೂ ಕನ್ನಡಕದವರ ತಲೆಯೊಳಗೆ ನೇರವಾಗಿ ಇಳಿದವು. ಆದರೂ ಅವರ ಮನಸ್ಸು ಹಗುರವಾಗಿತ್ತು. ಕ್ಲಬ್ಬಿನ ಇತಿಹಾಸದಲ್ಲಿ ಹೀಗೆ ಸಾಮೂಹಿಕವಾಗಿ ಸಭೆ ಕೆಟ್ಟದ್ದಿಲ್ಲ. ಇವರು ಎದ್ದೊಡನೆ ತನ್ನ ತಲೆ ಹೋಗುವುದು ಖಂಡಿತ. ಕಿವಿಯಲ್ಲಿ ಅಲೆಗಳ ಸದ್ದು ಕೂಡ ಕೇಳಿಸಿದ ಹಾಗಾಯಿತು. (ಅದು ಟೈಲ್ಸ್ ಅಂಗಡಿಯವರ ಉಸಿರಾಟ.)

ಮಾವ ಮೀಟರೊಂದನ್ನು ಎತ್ತಲು ಹೋಗಿ ಕೆಳಗೆ ಬೀಳಿಸಿದಾಗ ಸಭೆ ಬೆಚ್ಚಿ ಎದ್ದಿತು. ಅಧ್ಯಕ್ಷರು ಕಣ್ಣುಜ್ಜಿಕೊಳ್ಳುತ್ತಾ, "ಸಂಚಾಲಕರ ಹುದ್ದೆ ಬಗ್ಗೆ ಯಾರಿಗಾದರೂ ಏನಾದರೂ ಹೇಳೋದಿದೆಯೇ?" ಎಂದು ಕೇಳಿದರು.

ವಕೀಲರು ಎದ್ದರು.

"ಹೇಳೋದಿದೆ," ಅಂದರು ವಕೀಲರು, ಮೈ ಮುರಿಯುತ್ತಾ. "ಮೂರು ವರ್ಷದಿಂದ ನಾನು ಈ ಸಂಚಾಲಕರ ಬಗ್ಗೆ ಅಸಮಾಧಾನ ಇಟ್ಟುಕೊಂಡಿದ್ದೆ. ಊಟ ಆದ ಮೇಲೆ ಒಬ್ಬರು ಸೈರನ್ ಊದ್ತಾರೆ, ಒಬ್ಬರು ಹಂಚು ಒಡೀತಾರೆ, ಒಬ್ಬರು ಹಾವು ಬಿಡ್ತಾರೆ. ನಾವು ಇಲ್ಲಿಗೆ ಬರೋದು ಯಾತಕ್ಕೆ ಅಂತ ಇವರಿಗೆ ಅರ್ಥವೇ ಆಗಿರಲಿಲ್ಲ. ಇವತ್ತು ಆಗಿದೆ. ನನಗೆ ಇಂಥ ನಿದ್ದೆ ಬಂದು ವರ್ಷಗಳಾಗಿತ್ತು. ಮಾತ್ರೆ ತಗೊಂಡರೂ ಬರ್ತಿರಲಿಲ್ಲ."

"ನನಗೆ ಕನಸೂ ಬಿತ್ತು," ಅಂದರು ಹಲ್ಲಿನ ಡಾಕ್ಟರು.

"ಈ ಸಂಚಾಲಕರನ್ನೇ ಮುಂದುವರಿಸಬೇಕು ಅಂತ ಸೂಚಿಸ್ತೀನಿ," ಅಂದರು ವಕೀಲರು. "ಅತಿಥಿಗಳು ಹೇಳಿದ್ದು ಬರೀ ಪೀಠಿಕೆ ಅಂತ ಕಾಣುತ್ತೆ. ಪೂರ್ತಿ ಕೇಳೋವರೆಗೂ ಪ್ರತಿ ಬುಧವಾರ ಇವರೇ ಬರಲಿ."

"ನನ್ನ ಮಾತು ಕೇಳಿ," ಎಂದು ಕನ್ನಡಕದವರು ಕೈ ಮುಗಿದು ಎದ್ದರು. ಆ ವಿನಯಕ್ಕೆ ಚಪ್ಪಾಳೆ ಶುರುವಾಯಿತು. ಗಂಟೆ ಹೊಡೆಯಿತು.

ಮನೆಯಲ್ಲಿ ಹೆಂಡತಿ ಬಾಗಿಲು ತೆರೆದೇ ಇಟ್ಟುಕೊಂಡು ಕಾಯುತ್ತಿದ್ದರು. ಸೂಟ್‌ಕೇಸ್ ಅಷ್ಟರಲ್ಲಿ ತುಂಬಿತ್ತು. ಮೇಲೆ ಇಬ್ಬರ ಚಪ್ಪಲಿ, ಒಂದು ಹೊಸ ಟೋಪಿ.

"ಬಿಟ್ಟು ಬಂದ್ರಾ?"

ಕನ್ನಡಕದವರು ಬಾಗಿಲ ಪಕ್ಕಕ್ಕೆ ಸರಿದು ನಿಂತರು. ಅವರ ಬೆನ್ನ ಹಿಂದೆ ಒಂದು ಮರದ ಪೆಟ್ಟಿಗೆ ಮೆಟ್ಟಿಲು ಹತ್ತಿ ಬಂತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ, ಕಂಕುಳಲ್ಲಿ ಗೋಡೆ ಗಡಿಯಾರ ಇಟ್ಟುಕೊಂಡು, ಮಾವ.

"ನಿನ್ನ ಗಂಡ ಚಿನ್ನ ಕಣಮ್ಮ," ಅಂದರು ಮಾವ. ಅವರ ಕಣ್ಣು ತುಂಬಿತ್ತು. "ಪ್ರತಿ ವಾರ ಮಾತಾಡೋಕೆ ಹೇಳಿದಾರೆ. ಅಷ್ಟು ದೂರದಿಂದ ವಾರವಾರ ಬಸ್ಸಲ್ಲಿ ಓಡಾಡೋದು ಯಾಕೆ, ಇಲ್ಲೇ ಇದ್ದುಬಿಡ್ತೀನಿ ಅಂದೆ. ಇವರು ಏನೂ ಅನ್ನಲಿಲ್ಲ."

"ಅನ್ನೋಕೆ ಬಾಯಿ ಬರಬೇಕಲ್ಲ ಮಾವ, ಅವರಿಗೆ," ಅಂದರು ಹೆಂಡತಿ. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಕನ್ನಡಕದವರಿಗೆ ಹೆಚ್ಚು ಭಯ ಹುಟ್ಟಿಸಿತು. ಅವರು ಸೂಟ್‌ಕೇಸಿನ ಮುಂದೆ ಕೂತು ಗಂಡನ ಚಪ್ಪಲಿ ತೆಗೆದು ಹೊರಗಿಟ್ಟರು. ಆಮೇಲೆ ಅಂಗಿಗಳು. ಆಮೇಲೆ ಟೋಪಿ. ಟೋಪಿಯನ್ನು ಒಂದು ಸಲ ನೋಡಿ ತಾವೇ ಹಾಕಿಕೊಂಡರು. "ಮಾವ, ಫ್ರಿಜ್ ಗೊರ್ ಅಂತಿದೆ, ಗಾಬರಿಯಾಗಬೇಡಿ. ರಿಪೇರಿಯವನು ಈ ಮನೆಗೆ ಬರೋದಿಲ್ಲ."

"ನೀನು ಎಲ್ಲಿಗೆ ಹೊರಟೆ ಕಣೇ?" ಅಂದರು ಕನ್ನಡಕದವರು.

"ಸಮುದ್ರಕ್ಕೆ. ನನಗೆ ಬುಧವಾರ ಇಲ್ಲ."

ಬಾಗಿಲು ಹಾಕಿಕೊಂಡಿತು. ಮಾವ ಗಡಿಯಾರವನ್ನು ಸೋಫಾದ ಎದುರಿನ ಗೋಡೆಗೆ ತೂಗುಹಾಕಿ, ಕೆಳಗೊಂದು ಕುರ್ಚಿ ಎಳೆದುಕೊಂಡರು. ಮುಂದಿನ ಭಾಗವನ್ನು ಒಂದು ಸಲ ಅಭ್ಯಾಸ ಮಾಡಬೇಕಂತೆ, ಕೇಳುವವರು ಒಬ್ಬರಿದ್ದರೆ ಒಳ್ಳೆಯದಂತೆ. ಕನ್ನಡಕದವರು ಸೋಫಾದಲ್ಲಿ ಕುಸಿದು, ಇನ್ನೇನು ಉಳಿದಿದೆ, ಊರಿಗೆಲ್ಲ ಬಂದ ನಿದ್ದೆ ತನಗೂ ಬರಲಿ ಎಂದು ಕಣ್ಣು ಮುಚ್ಚಿದರು.

"ವಾಷರಿನಲ್ಲಿ ನಾಲ್ಕು ವಿಧ," ಅಂದರು ಮಾವ.

ಒಳಗೆ ಫ್ರಿಜ್ ಗೊರ್ ಎಂದು ಸದ್ದು ಮಾಡುತ್ತಾ ಇದ್ದದ್ದು, ತಟಕ್ಕನೆ ನಿಂತು, ಮಲಗಿಬಿಟ್ಟಿತು. ಕನ್ನಡಕದವರು ಕಣ್ಣು ತೆರೆದರು. ಐದನೆಯ ವಿಧವನ್ನು, ಮಧ್ಯಾಹ್ನ ತಾವೇ ಹೇಳಿದ್ದ ವಾಷರಿನ ಒಳಗಿನ ವಾಷರನ್ನು, ಮಾವ ಮರೆತಿದ್ದಾರೆಂದು ಅವರಿಗೆ ಗೊತ್ತಿತ್ತು.