ಆಹಾ ಎಂದರೆ ವಿಮರ್ಶೆಯಲ್ಲ

ಸಾಬಣ್ಣನ ನೆಮ್ಮದಿ ಕೆಡಿಸಿದ್ದು ಬೆಳಿಗ್ಗೆ ಬಂದ ಒಂದು ಫೋನು. ಮಾಡಿದವರು ದೋರನಹಳ್ಳಿಯ ಗೊಬ್ಬರದಂಗಡಿ ಸಾವಕಾರ ಖಂಡಪ್ಪನವರು. ಕಾಲುವೆ ಬಂದ ಮೇಲೆ ಆ ಕಡೆ ಭತ್ತ ಬಂತು, ಭತ್ತದ ಬೆನ್ನಿಗೆ ಗೊಬ್ಬರ ಬಂತು, ಗೊಬ್ಬರ ಚೆನ್ನಾಗಿ ಮಾರಿದ್ದರಿಂದ ಖಂಡಪ್ಪನವರಿಗೆ ಕವಿತೆಯೂ ಬಂತು. ಶಹಾಪುರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿದ್ದ ಸಾಬಣ್ಣ ಪಿಎಚ್‌.ಡಿ. ಮಾಡುತ್ತಿದ್ದುದು ಆ ಕವಿತೆಗಳ ಮೇಲೆಯೇ.

“ಏನಪಾ, ನನ್ನ ಕವಿತಾ ಎಲ್ಲಾ ಎತ್ತಿ ನಿನ್ನ ಪ್ರಬಂಧದಾಗ ಹಾಕೀಯಂತ? ನನ್ನ ಒಂದು ಮಾತ ಕೇಳಬೇಕಲ್ಲ? ಮಧ್ಯಾಹ್ನ ಅಂಗಡಿಗೆ ಬಾ!”

ಪ್ರಬಂಧ ಸಲ್ಲಿಸಲು ಅಂದೇ ಕೊನೆಯ ದಿನ. ಪಿಎಚ್‌.ಡಿ. ಆಗದಿದ್ದರೆ ಬರುವ ವರ್ಷ ಕೆಲಸವೂ ಇಲ್ಲ. ಬೆವರುತ್ತ ಸ್ಟಾಫ್ ರೂಮಿಗೆ ಬಂದರೆ ಅಲ್ಲಿ ಸಹೋದ್ಯೋಗಿ ಶಾಂತಪ್ಪ. ಉರಿಯುವ ಬೆಂಕಿಗೆ ತುಪ್ಪ ಸುರಿಯುವುದೆಂದರೆ ಅವರಿಗೆ ಬಲು ಪ್ರೀತಿ.

“ಕಾಪಿರೈಟ್ ಕೇಸ್ರೀ ಸರ ಇದು! ಪೊಲೀಸರು ಮನಿಗೇ ಬರ್ತಾರ. ನಮ್ಮ ಅಳಿಯನ ಗೆಳೆಯಗ ಹಿಂಗೇ ಆಗಿತ್ತು.”

“ಏನಾತ್ರೀ ಅವಗ?”

“ಗೊತ್ತಿಲ್ರಿ. ಆಮ್ಯಾಲ ಯಾರೂ ಅವನ್ನ ನೋಡಿಲ್ಲ.”

ಸಾಬಣ್ಣ ನೆಟ್ಟಗೆ ವಕೀಲ ವೆಂಕಪ್ಪನವರ ಮನೆಗೆ ಓಡಿದ. ಅವರು ಪ್ರಬಂಧದ ಹಾಳೆ ತಿರುವಿ ಹಾಕಿ ನಿಟ್ಟುಸಿರು ಬಿಟ್ಟರು.

“ವಿಮರ್ಶಾ ಮಾಡಾಕ ಕವಿತಾ ಎತ್ತಿ ಬರೀಬಹುದು, ಕಾನೂನಿನಾಗ ಅದ. ಆದ್ರ ನೀ ಎಲ್ಲಿ ವಿಮರ್ಶಾ ಮಾಡಿ? ಪ್ರತಿ ಕವಿತಾದ ಕೆಳಗ ‘ಆಹಾ! ಎಂಥ ಕಲ್ಪನೆ!’ ಅಂತ ಬರದಿ. ಆಹಾ ಅಂದ್ರ ವಿಮರ್ಶಾ ಅಲ್ಲಪಾ. ಬೇಕಾದಷ್ಟೇ ಸಾಲು ಇಡು, ಕೆಳಗ ಸರಿ-ತಪ್ಪು ಹೇಳು.”

ಸಾಬಣ್ಣ ಅಲ್ಲೇ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದು ಕುಳಿತ. ಇಷ್ಟು ವರ್ಷ ಹೆದರಿ ಹೊಗಳಿದ್ದವನು ಈಗ ಹೆದರಿ ತೆಗಳತೊಡಗಿದ. “ಕಾಲುವೆ ನಮ್ಮ ತಾಯಿ, ಯೂರಿಯಾ ಅವಳ ಕೈತುತ್ತು” ಎಂಬ ಸಾಲಿನ ಕೆಳಗೆ “ಇಲ್ಲಿ ಕವಿಗಿಂತ ಅಂಗಡಿಯೇ ಹೆಚ್ಚು ಮಾತಾಡಿದೆ” ಎಂದು ಬರೆದು, ಯಾರಾದರೂ ನೋಡಿದರೇನೋ ಎಂದು ಹಿಂದೆ ತಿರುಗಿ ನೋಡಿದ.

ಮಧ್ಯಾಹ್ನ ದೋರನಹಳ್ಳಿಯಲ್ಲಿ ಖಂಡಪ್ಪನವರು ಹಾಗೆ ತಿದ್ದಿದ ಅಧ್ಯಾಯವನ್ನು ಅಂಗಡಿಯ ಕಂಪ್ಯೂಟರಿಗೆ ಹಾಕಿಸಿಕೊಂಡು ಓದಿದರು. ಓದುತ್ತ ಓದುತ್ತ ಮುಖ ಕೆಂಪಾಯಿತು. ಸಾಬಣ್ಣ ಚೀಲಗಳ ಸಾಲಿಗೆ ಒರಗಿ, ವಕೀಲರು ಹೇಳಿದ್ದನ್ನು ತೊದಲುತ್ತ ಒಪ್ಪಿಸಿದ.

“ಅಂದ್ರ, ವಿಮರ್ಶಾ ಮಾಡಾಕಂತ ಎತ್ತಿ ಬರದ್ರ ಯಾರನ್ನೂ ಕೇಳೋದು ಬ್ಯಾಡ?”

“ಬ್ಯಾಡ್ರಿ ಸಾವಕಾರ್ರ.”

“ಯಾರು ಬರದ್ರೂ?”

“ಯಾರು ಬರದ್ರೂ ರೀ.”

ಖಂಡಪ್ಪನವರು ನಕ್ಕು ಚಹಾ ತರಿಸಿದರು. ಸಾಬಣ್ಣನಿಗೆ ಹೋದ ಜೀವ ಬಂದಂತಾಯಿತು. ಶಹಾಪುರಕ್ಕೆ ಮರಳಿದವನೇ ಪ್ರಬಂಧವನ್ನು ವಿಶ್ವವಿದ್ಯಾಲಯಕ್ಕೆ ಕಳಿಸಿದ.

ದೀಪ ಹಚ್ಚುವ ಹೊತ್ತಿಗೆ ಮಾರ್ಗದರ್ಶಕರ ಫೋನು ಬಂತು. “ಏನೋ ಇದು! ಕಾಪಿ ಹಿಡಿಯೋ ನಮ್ಮ ಕಂಪ್ಯೂಟರ್ ನಿನ್ನ ಅಧ್ಯಾಯ ಪೂರಾ ಕದ್ದದ್ದು ಅಂತ ತೋರಸ್ತದ. ನಿನ್ನ ಕವಿ ಖಂಡಪ್ಪನೋರು ಇವತ್ತೇ ಅದನ್ನ ತಮ್ಮ ಅಂಗಡಿ ವೆಬ್‌ಸೈಟಿನಾಗ ಹಾಕ್ಯಾರ. ನಿಂದೇ ಅಂತ ಅವರ ಕಡಿಂದ ಬರಸ್ಕೊಂಡು ಬಾ, ಇಲ್ಲಾಂದ್ರ ಪ್ರಬಂಧ ರದ್ದು.”

ಸಾಬಣ್ಣ ಖಂಡಪ್ಪನವರ ನಂಬರು ಒತ್ತುವುದು, ಅಳಿಸುವುದು ಮಾಡುತ್ತ ಕುಳಿತ. ಕೊನೆಗೆ ಅವರೇ ಫೋನು ಮಾಡಿದರು.

“ನಿನ್ನ ವಿಮರ್ಶಾಕ್ಕ ನಾ ವಿಮರ್ಶಾ ಬರದೀನಿ, ಓದಿದೇನಪಾ?”

“ಬೇಕಾದಷ್ಟೇ ಎತ್ತಬೇಕ್ರಿ ಸಾವಕಾರ್ರ!”

“ಬೇಕಾದಷ್ಟೇ ಎತ್ತೀನಿ. ನನಗ ಎಲ್ಲಾನೂ ಬೇಕಾತು.”

ಸಾಬಣ್ಣ ಅಳುತ್ತ ಅಂಗಲಾಚಿದ. ಖಂಡಪ್ಪನವರ ಮನಸ್ಸು ಕರಗಿತು.

“ಅಳಬ್ಯಾಡ. ನಿಂದೇ ಅಂತ ಬರ್ದು ಕೊಡ್ತೀನಿ. ಆದ್ರ ನನ್ನ ಬೈದದ್ದೆಲ್ಲಾ ಮೊದಲ ಅಳಸು. ಕವಿತಾ ಅಷ್ಟೇ ಇರಲಿ.”

“ಅದನ್ನ ಅಳಸಿದ್ರ ಬರೀ ನಿಮ್ಮ ಕವಿತಾ ಕಾಪಿ ಹೊಡದಂಗ ಆಗ್ತದ್ರಿ!”

“ಹೌದಲ್ಲ,” ಎಂದರು ಖಂಡಪ್ಪನವರು. “ಅದಕ್ಕ ನಾಳಿ ಕೇಸ್ ಹಾಕ್ತೀನಿ.”