ಸೊಟ್ಟಗಾಲಿನ ರೇಸ್ ಕಾರು

ಕಾರಿನ ಗಾಲಿ ನೆಟ್ಟಗೆ ಮಾಡುವ ವೀಲ್ ಅಲೈನ್‌ಮೆಂಟ್ ಅಂಗಡಿ ಇಟ್ಟುಕೊಂಡವನ ಮರ್ಯಾದೆ ಆಗಾಗ ಸ್ವಲ್ಪ ಸ್ವಲ್ಪ ಹೋಗುತ್ತಲೇ ಇರುತ್ತದೆ. ಹಗರಿಬೊಮ್ಮನಹಳ್ಳಿಯ ಕೂಡ್ಲಿಗಿ ರಸ್ತೆಯಲ್ಲಿರುವ ನನ್ನ ಅಂಗಡಿಯಲ್ಲಿ ಒಂದೇ ಕಾರಿನ ದೆಸೆಯಿಂದ ಅದು ಪೂರ್ತಿ ಹೋಯಿತು.

ಹೋಗಿದ್ದು ಮಾವನವರ ಎದುರಿಗೆ ಎಂಬುದೇ ನನ್ನ ಸಂಕಟ. ಅವರು ಚಿಗಟೇರಿಯಲ್ಲಿ ಶೇಂಗಾ ವ್ಯಾಪಾರಸ್ಥರು. ಅಳಿಯನ ಕೆಲಸ ಏನೆಂದು ಯಾರಾದರೂ ಕೇಳಿದರೆ ‘ಏನೋ ಸ್ವಂತದ್ದು ಐತಿ’ ಎಂದು ಮಾತನ್ನು ಮಳೆ-ಬೆಳೆಗೆ ತಿರುಗಿಸುತ್ತಾರೆ. ಅವರ ಬಾಯಿಂದ ಒಮ್ಮೆಯಾದರೂ ನನ್ನ ಕೆಲಸ ಇಂಥದ್ದು ಎಂಬ ಮಾತು ಬರಲಿ ಎಂದು ನನಗೆ ಬಹಳ ಆಸೆಯಿತ್ತು.

ಮುಗಿದ ಕೆಲಸ

ಹರಪನಹಳ್ಳಿಯ ಹಾರ್ಡ್‌ವೇರ್ ಅಂಗಡಿಯವರೊಬ್ಬರಿಗೆ ಕಾರ್ ರೇಸಿನ ಹುಚ್ಚು. ಹಳೇ ಕಾರೊಂದರ ಹಿಂದಿನ ಸೀಟು ಕಿತ್ತು, ಟ್ರ್ಯಾಕಿನಲ್ಲಿ ಓಡಿಸಲೆಂದು ತಯಾರು ಮಾಡಿಕೊಂಡು ಬಂದರು. ‘ಮುಂದಿನ ಗಾಲಿ ಎರಡೂ ಮ್ಯಾಲೆ ಒಳಗ ವಾಲಿರಬೇಕು ನೋಡ್ರಿ. ಆಗ ತಿರುವಿನಾಗ ಜೋರು ಹೊಡೆದ್ರೂ ಟೈರು ನೆಲಕ್ಕ ಕಚ್ಚಿ ಕೂರ್ತಾವ’ ಎಂದರು. ನಾನೂ ಹುರುಪಿನಿಂದ ವಾಲಿಸಿ, ಕಾರನ್ನು ಎಲ್ಲರಿಗೂ ಕಾಣುವ ಹಾಗೆ ಅಂಗಡಿ ಮುಂದೆ ನಿಲ್ಲಿಸಿದೆ.

ಸ್ಟೇರಿಂಗ್ ಎಡಕ್ಕೆ ಎಳೆಯುತ್ತದೆ ಎಂದು ತಮ್ಮ ಕಾರು ತಂದಿದ್ದ ಮೇಷ್ಟ್ರೊಬ್ಬರು ಈ ರೇಸ್ ಕಾರನ್ನು ಒಂದು ಸುತ್ತು ಬಂದು ನೋಡಿದರು.

‘ಇದು ನೀವ ಮಾಡಿದ್ದೇನ್ರಿ?’

‘ಹೌದ್ರಿ ಸರ.’

‘ಇನ್ನಾ ಕೆಲ್ಸ ಬಾಕಿ ಐತೇನು?’

‘ಇಲ್ರಿ, ಮುಗಿದೈತಿ.’

ಮೇಷ್ಟ್ರು ತಮ್ಮ ಕಾರು ಹತ್ತಿ ರಿವರ್ಸ್ ಗೇರ್ ಹಾಕಿದರು. ‘ನಂದು ಎಡಕ್ಕ ಎಳೀಲಿ ಬಿಡ್ರಿ. ರೂಢಿ ಆಗೇತಿ.’

ದೃಷ್ಟಿ

ಅದೇ ರೇಸ್ ಕಾರು ಮತ್ತೊಮ್ಮೆ ಅಳತೆ ನೋಡಿಸಲು ಬಂದಾಗ ಮಾವನವರೂ ಬಂದಿದ್ದರು. ವಾಲಿದ ಗಾಲಿ ನೋಡಿ, ಯಾರದೋ ಕೆಟ್ಟ ಕಣ್ಣು ಬಿದ್ದಿದೆ ಎಂದುಕೊಂಡರು. ನಾನು ಚಾ ಹೇಳಲು ಹೋದಾಗ, ಕಿಸೆಯಲ್ಲಿದ್ದ ಒಂದೇ ಒಂದು ಲಿಂಬೆಹಣ್ಣನ್ನು ಅಳತೆ ಮಷೀನಿನಲ್ಲಿ ಎಡಗಾಲಿ ಬಂದು ನಿಲ್ಲುವ ಜಾಗದಲ್ಲಿ ಇಟ್ಟರು. ನಾನು ನೋಡದೆ ಕಾರು ಹತ್ತಿಸಿದೆ.

ಆಮೇಲೆ ಪಾನಾದಿಂದ ಬೋಲ್ಟು ಎಷ್ಟು ತಿರುಗಿಸಿದರೂ ಎಡಗಾಲಿ ಬಲಗಾಲಿಗೆ ಹೊಂದಲೊಲ್ಲದು. ಮಷೀನೇ ಕೆಟ್ಟಿದೆ ಎಂದು ಕೂಗಾಡಿ, ದಾವಣಗೆರೆಯಿಂದ ರಿಪೇರಿಯವನನ್ನು ಕರೆಸಿದೆ. ಅವನು ಬಗ್ಗಿ ಗಾಲಿಯಡಿಯಿಂದ ಜಜ್ಜಿದ ಸಿಪ್ಪೆ ಹೊರಗೆಳೆದ. ‘ಮಷೀನ್ ಚಲೋ ಐತ್ರಿ. ಲಿಂಬಿಹಣ್ಣೂ ಸೇರ್ಸಿ ಲೆಕ್ಕ ಹೇಳಾಕತ್ತಿತ್ತು.’

ನಾನು ತಲೆ ತಗ್ಗಿಸಿ ನಿಂತೆ. ಮಾವನವರಿಗೆ ಮಾತ್ರ ಏನೂ ಅನ್ನಿಸಲಿಲ್ಲ. ‘ಹಣ್ಣು ಇಡದಿದ್ರ ಇನ್ನೆಷ್ಟು ಸೊಟ್ಟ ಆಗ್ತಿತ್ತೋ’ ಎಂದರು.

ಭಾರ

ರೇಸಿಗೆ ಹೋಗುವ ಮುಂಚೆ ಹಾರ್ಡ್‌ವೇರಿನವರು ಫೋನ್ ಮಾಡಿದರು. ‘ನಾನು ಕೂತಾಗ ಕಾರು ಕೆಳಗ ಇಳೀತೈತಲ್ಲ, ಆವಾಗಿನ ಅಳತಿ ಬೇಕು. ನನಗ ಬರಾಕ ಆಗಲ್ಲ, ಕಾರು ಕಳಿಸೇನಿ. ನನ್ನಷ್ಟ ದಪ್ಪ ಇರೋರನ್ನ ಕೂಡ್ಸಿ ಮಾಡ್ರಿ.’

ಆ ಹೊತ್ತಿಗೆ ಅಷ್ಟು ದಪ್ಪ ಇದ್ದವರು ಮಾವನವರು ಒಬ್ಬರೇ. ಚಿಕ್ಕ ಮಗಳ ಸಂಬಂಧ ಮಾತಾಡಲು ಹಡಗಲಿಯಿಂದ ಬರಲಿದ್ದ ಗಂಡಿನ ಕಡೆಯವರನ್ನು ಕಾಯುತ್ತ ಅಂಗಡಿಯಲ್ಲೇ ಕೂತಿದ್ದರು. ಅಂಜುತ್ತಲೇ ಕೇಳಿದೆ. ನನ್ನ ಕೈ ಹಿಡಿದ ಮಗಳ ಮುಖ ನೋಡಿ ಒಪ್ಪಿದರೆಂದು ಕಾಣುತ್ತದೆ. ಎರಡೂ ಹೆಗಲ ಮೇಲೆ ರೇಸಿನ ಬೆಲ್ಟು ಬಿಗಿದು, ಕಾರಿನ ಸಮೇತ ಅವರನ್ನು ಲಿಫ್ಟಿನಲ್ಲಿ ಎತ್ತಿ, ನಾನು ಕೆಳಗೆ ನುಸುಳಿದೆ.

ಆಗಲೇ ಗಂಡಿನ ತಂದೆ ಬಂದರು. ಇಸ್ತ್ರಿ ಮಾಡಿದ ಬಿಳಿ ಬಟ್ಟೆ, ಹಣೆ ತುಂಬ ವಿಭೂತಿ. ಕತ್ತೆತ್ತಿ ನೋಡಿದರು. ಮಾವನವರು ಕೈಮುಗಿಯಲು ಹೋದಾಗ ಕಾರು ಅಲುಗಿತು. ಮೇಲೆ ಏನಾಗುತ್ತಿದೆ ಎಂದು ತಿಳಿಯದೆ ನಾನು ಗದರಿಸಿಬಿಟ್ಟೆ. ‘ಅಲುಗಾಡಬ್ಯಾಡ್ರಿ ಮಾವಾರ. ಉಸಿರು ಸಣ್ಣಗ ಬಿಡ್ರಿ.’

‘ಕೆಳಗಿನೋರು ಯಾರ್ರಿ?’ ಎಂಬ ಹೊಸ ದನಿ ಕೇಳಿದ ಮೇಲೆ ನನಗೆ ವಿಷಯ ತಿಳಿದದ್ದು.

‘ನಮ್ಮ ದೊಡ್ಡ ಅಳಿಯಾರು’ ಎಂದರು ಮಾವನವರು.

‘ಏನ್ ಕೆಲ್ಸ ಮಾಡ್ತಾರ್ರಿ?’

ನಾನು ಪಾನಾ ಕೆಳಗಿಟ್ಟು ಕಿವಿಗೊಟ್ಟೆ.

‘ನೆಟ್ಟಗಿರೋ ಗಾಲಿ ಸೊಟ್ಟ ಮಾಡ್ತಾರ್ರಿ’ ಎಂದರು ಮಾವನವರು, ತುಟಿ ಬಿಟ್ಟು ಬೇರೇನೂ ಅಲುಗಿಸದೆ. ‘ಸಂಬಂಧ ಕೂಡಿದ್ರ ನಿಮ್ಮನ್ನೂ ಕಟ್ಟಿ ಮ್ಯಾಲೆ ಏರಿಸ್ತಾರ.’